ರಬ್ಬರು ಸವೆಯಲಿ, ಗೇರುಬಾಕ್ಸು ಉಳಿಯಲಿ

ಪಿಕಪ್ಪು, ಜೀಪುಗಳ ಎಂಜಿನ್ ಮೌಂಟಿಂಗ್ ರಬ್ಬರು ಹರಿದರೆ ಅದರ ಜಾಗಕ್ಕೆ ಕಬ್ಬಿಣದ ಪಟ್ಟಿಯನ್ನೋ ಕಲ್ಲಿನಂಥ ಗಟ್ಟಿ ಬುಷ್ಷನ್ನೋ ಕೂರಿಸುವ ಪದ್ಧತಿ ನಮ್ಮ ಕಡೆ ಇದೆ. "ಇನ್ನು ಹತ್ತು ವರ್ಷ ಇತ್ತ ನೋಡೋ ಹಂಗಿಲ್ಲ" ಅಂತಾರೆ. ಮೌಂಟಿಂಗನ್ನು ನೋಡುವ ಹಾಗಿಲ್ಲ, ನಿಜ. ಆದರೆ ಕ್ರಾಸು, ಬೇರಿಂಗು, ಗೇರುಬಾಕ್ಸುಗಳನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಸಣ್ಣ ರೈತನಿಗೆ ಇದು ಉಳಿತಾಯವಲ್ಲ, ಸಾಲದ ದಾರಿ ಎಂಬುದು ನನ್ನ ಅಭಿಪ್ರಾಯ.

ನಾನು ಚಳ್ಳಕೆರೆ ಸೀಮೆಯ ಒಣಬೇಸಾಯಗಾರ. ಶೇಂಗಾ ನಮ್ಮ ಮುಖ್ಯ ಬೆಳೆ, ಮಳೆ ಕೈಹಿಡಿದರೆ ಒಂದಿಷ್ಟು ಈರುಳ್ಳಿ. ಅಣ್ಣತಮ್ಮಂದಿರು ಮೂವರು ಸೇರಿ ಒಂದು ಹಳೇ ಪಿಕಪ್ ಕೊಂಡೆವು. ಅದರ ಗೇರುಬಾಕ್ಸಿನ ಕೆಳಗೆ ಯಾರೋ ಮೊದಲೇ ಕಬ್ಬಿಣದ ದಪ್ಪ ಪಟ್ಟಿ ಹಾಕಿಸಿದ್ದರು. ಒಂದೇ ವರ್ಷದಲ್ಲಿ ಮುಂದಿನ ಕ್ರಾಸು ಎರಡು ಸಲ ಹೋಯಿತು. ಎರಡನೇ ಸಲ ಹಳೇ ಕ್ರಾಸನ್ನು ಮನೆಗೆ ತಂದು ಒರೆಸಿ ನೋಡಿದೆ. ಗ್ರೀಸ್ ಇದ್ದೇ ಇತ್ತು, ಆದರೂ ಅದರ ಕಾಲುಗಳ ಮೇಲೆ ಸೂಜಿ ರೋಲರುಗಳು ಗೀರು ಕೊರೆದಿದ್ದವು. ಗ್ರೀಸ್ ಇದ್ದೂ ಸವೆದಿದೆ ಎಂದ ಮೇಲೆ ಕಾರಣ ಬೇರೆ ಕಡೆ ಇರಬೇಕಲ್ಲ?

ನೇಗಿಲಿನಿಂದ ಕಲಿತ ಪಾಠ

ನೊಗವನ್ನು ಈಸಿಗೆ ನಾವು ಮೊಳೆ ಹೊಡೆದು ಕೂರಿಸುವುದಿಲ್ಲ, ಮಿಣಿಯಲ್ಲಿ ಕಟ್ಟುತ್ತೇವೆ. ಎತ್ತು ಒಂದು ಹೆಜ್ಜೆ ಹಿಂದುಮುಂದಾದರೂ ಮಿಣಿ ತಾಳಿಕೊಳ್ಳುತ್ತದೆ. ಮೊಳೆ ಹೊಡೆದಿದ್ದರೆ ಈಸು ಸೀಳುತ್ತಿತ್ತು. ಇನ್ನೊಂದು ಮಾತು: ಆ ಕಟ್ಟನ್ನು ಈಸಿನ ಮೇಲೆ ಸ್ವಲ್ಪ ಆಚೀಚೆ ಸರಿಸಿದರೆ ಸಾಕು, ಕುಳ ನೆಲಕ್ಕೆ ಇಳಿಯುವ ಓರೆ ಬದಲಾಗಿ ಉಳುಮೆಯ ಆಳ ಬದಲಾಗುತ್ತದೆ.

ಮೌಂಟಿಂಗಿನದೂ ಇವೇ ಎರಡು ಕೆಲಸ. ಒಂದು, ಪೆಟ್ಟು ನುಂಗುವುದು. ಎರಡು, ಎಂಜಿನ್ನು ಮತ್ತು ಗೇರುಬಾಕ್ಸನ್ನು ಸರಿಯಾದ ಎತ್ತರದಲ್ಲಿ, ಸರಿಯಾದ ಓರೆಯಲ್ಲಿ ಹಿಡಿಯುವುದು. ಗಟ್ಟಿ ಪಟ್ಟಿ ಹಾಕುವವರು ಮೊದಲನೆಯದನ್ನು ಬಿಟ್ಟೇಬಿಡುತ್ತಾರೆ, ಎರಡನೆಯದನ್ನು ಅಳೆಯುವುದೇ ಇಲ್ಲ.

ಕೋನ ಕೆಟ್ಟರೆ ಏನಾಗುತ್ತದೆ?

ರೋಟವೇಟರ್ ತಿರುಗುತ್ತಿರುವಾಗಲೇ ಬದುವಿನ ಹತ್ತಿರ ಲಿಫ್ಟ್ ಎತ್ತಿದರೆ ಪಿಟಿಒ ಶಾಫ್ಟು ಕಟಕಟ ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಓರೆಯಾದ ಕ್ರಾಸಿನ ಗುಣವೇ ಅದು. ಹಿಂದಿನಿಂದ ಒಂದೇ ಸಮ ತಿರುಗಿಸಿದರೂ ಮುಂದಿನ ತುದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನವಾಗುತ್ತದೆ. ನಿಮಿಷಕ್ಕೆ 540 ಸುತ್ತಿನ ಶಾಫ್ಟು 30 ಡಿಗ್ರಿ ಓರೆಯಾದರೆ ಆ ಕ್ರಾಸಿನ ಆಚೆ ಬದಿಯ ವೇಗ 468ರಿಂದ 624ರವರೆಗೆ ಹೊಯ್ದಾಡುತ್ತದೆ. 15 ಡಿಗ್ರಿಗೆ ಇಳಿಸಿದರೆ ಹೊಯ್ದಾಟ 522ರಿಂದ 559ರಷ್ಟೇ.

ಗಾಡಿಯ ಶಾಫ್ಟಿಗೆ ಎರಡೂ ತುದಿಯಲ್ಲಿ ಕ್ರಾಸು ಇಟ್ಟಿರುವುದು ಇದಕ್ಕೇ. ಎರಡೂ ಕೋನ ಸಮವಾಗಿದ್ದು, ಶಾಫ್ಟಿನ ಎರಡು ತುದಿಯ ಕಿವಿಗಳು ಒಂದೇ ನೇರದಲ್ಲಿದ್ದರೆ ಮುಂದಿನದರ ಹೊಯ್ದಾಟವನ್ನು ಹಿಂದಿನದು ಸರಿದೂಗಿಸುತ್ತದೆ. ಸಮವಿಲ್ಲದಿದ್ದರೆ ಉಳಿದ ಹೊಯ್ದಾಟ ಪಿನಿಯನ್, ಗೇರುಬಾಕ್ಸುಗಳ ಮೇಲೆ ಬೀಳುತ್ತದೆ. ಹಾಗಂತ ಕೋನ ಪೂರ್ತಿ ಸೊನ್ನೆಯೂ ಇರಬಾರದು. ಆಗ ಸೂಜಿ ರೋಲರುಗಳು ಹೊರಳದೆ ನಿಂತಲ್ಲೇ ನಿಂತು ಗುಳಿ ಬೀಳಿಸುತ್ತವೆ.

ಮೌಂಟಿಂಗಿಗೂ ಇದಕ್ಕೂ ಏನು ಸಂಬಂಧ ಅಂದರೆ, ಎಂಜಿನ್ ಮೌಂಟಿಂಗಿನಿಂದ ಗೇರುಬಾಕ್ಸ್ ಮೌಂಟಿಂಗಿಗೆ ಒಂದು ಮೀಟರ್ ಅಂತರವಿದೆ ಎನ್ನಿ. ಹಿಂದೆ ಎರಡು ಸೆಂಟಿಮೀಟರ್ ದಪ್ಪ ಹೆಚ್ಚಾದರೆ ಗೇರುಬಾಕ್ಸಿನ ಓರೆ ಒಂದು ಡಿಗ್ರಿಗಿಂತ ಹೆಚ್ಚೇ ಬದಲಾಗುತ್ತದೆ. ಶಾಫ್ಟಿನ ತುದಿಯೂ ಮೇಲೇಳುತ್ತದೆ. ರಬ್ಬರು ಕುಸಿದರೆ ಇದೇ ಲೆಕ್ಕ ಉಲ್ಟಾ.

ಗಟ್ಟಿ ಮೌಂಟಿಂಗಿನ ಪರವಾದ ಮಾತು

ಗಟ್ಟಿತನವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹರಿದ, ಎಣ್ಣೆ ಕುಡಿದು ಮೆತ್ತಗಾದ ರಬ್ಬರು ಇನ್ನೂ ಕೆಟ್ಟದ್ದು. ಏರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ನು ಒಂದು ಮಗ್ಗುಲಿಗೆ ಎದ್ದು ಕೋನ ಅಲ್ಲಾಡುತ್ತದೆ. ಅದೇ ಎತ್ತರದ, ಸ್ವಲ್ಪ ಬಿಗಿಯಾದ ರಬ್ಬರು ಕೋನವನ್ನು ಅಲುಗದಂತೆ ಹಿಡಿಯುತ್ತದೆ. ಹೊರೆ ಹೊರುವ ಗಾಡಿಗೆ ಅದು ಒಳ್ಳೆಯದೇ.

ಆದರೆ ಗಟ್ಟಿ ಮೌಂಟಿಂಗ್ ಇದ್ದ ಕೋನವನ್ನು ಹಿಡಿಯುತ್ತದೆಯೇ ಹೊರತು ತಿದ್ದುವುದಿಲ್ಲ. ಕೋನ ತಪ್ಪಿದ್ದರೆ ಆ ತಪ್ಪನ್ನೇ ಭದ್ರ ಮಾಡಿದ ಹಾಗೆ. ಕಬ್ಬಿಣಕ್ಕಂತೂ ಕೊಡುಕೊಳ್ಳುವ ಗುಣವೇ ಇಲ್ಲ. ನಮ್ಮ ಹೊಲದ ದಾರಿಯ ಕೊರಕಲಿನಲ್ಲಿ ಚಾಸಿ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ರಬ್ಬರು ನುಂಗದಿದ್ದರೆ ಗೇರುಬಾಕ್ಸಿನ ಕಿವಿ ನುಂಗಬೇಕು. ಅದು ಎರಕದ್ದು, ಬಗ್ಗುವುದಿಲ್ಲ, ಬಿರಿಯುತ್ತದೆ. ಒಂದು ಮೌಂಟಿಂಗ್ ಕಬ್ಬಿಣದ್ದು, ಉಳಿದವು ರಬ್ಬರಿನವು ಆದರೆ ಪೆಟ್ಟೆಲ್ಲ ಆ ಒಂದೇ ಕಡೆಗೆ.

ಮನೆಯಲ್ಲೇ ಅಳೆಯಬಹುದು

ನಡುವೆ ಬೇರಿಂಗ್ ಇಲ್ಲದ, ಒಂದೇ ತುಂಡಿನ ಶಾಫ್ಟಿನ ಗಾಡಿಗೆ ಈ ಅಳತೆ. ಎರಡು ತುಂಡಿನದಕ್ಕೆ ಲೆಕ್ಕ ಬೇರೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ಟು ಇಳಿಬಿಡಿ. ಓರೆ ತೋರಿಸುವ ಮೊಬೈಲಾದರೂ ಸರಿ. ಸಾಮಾನ್ಯವಾಗಿ ಹೇರುವಷ್ಟು ಹೊರೆ ಹೇರಿ ಸಮನೆಲದಲ್ಲಿ ನಿಲ್ಲಿಸಿ. ಹೊರೆ ಬಿದ್ದರೆ ಪಟ್ಟಾ ಕುಗ್ಗಿ ಕೋನ ಬದಲಾಗುತ್ತದೆ, ಆದ್ದರಿಂದ ಖಾಲಿ ಗಾಡಿಯ ಅಳತೆಯೊಂದೇ ಸಾಲದು. ಎಂಜಿನ್ ಆರಿಸಿ ಚಕ್ರಗಳಿಗೆ ಕಲ್ಲು ಕೊಟ್ಟೇ ಕೆಳಗೆ ನುಸುಳಿ.

ಗೇರುಬಾಕ್ಸು, ಶಾಫ್ಟು, ಹಿಂದಿನ ಪಿನಿಯನ್ ಮೂಗು, ಈ ಮೂರರ ಓರೆ ಬರೆದುಕೊಳ್ಳಿ. ಮೂರೂ ಒಂದೇ ಕಡೆಗೆ ಓರೆಯಾಗಿದ್ದು 3, 5, 3 ಡಿಗ್ರಿ ಬಂದರೆ ಮುಂದಿನ ಕೋನ 2, ಹಿಂದಿನದೂ 2. ಇದು ಚೆನ್ನ. 2, 6, 3 ಬಂದರೆ ಮುಂದೆ 4, ಹಿಂದೆ 3. ಇದಕ್ಕೆ ಕೈ ಹಾಕಬೇಕು. ಒಂದೊಂದು ಕೋನ 1ರಿಂದ 3 ಡಿಗ್ರಿಯೊಳಗೆ, ಎರಡರ ವ್ಯತ್ಯಾಸ 1 ಡಿಗ್ರಿಗಿಂತ ಕಡಿಮೆ ಇದ್ದರೆ ಕ್ರಾಸು ಬಾಳುತ್ತದೆ. ಶಾಫ್ಟು ಬಿಚ್ಚುವ ಮುಂಚೆ ಜೋಡಣೆಯ ಎರಡೂ ಬದಿಗೆ ಬಣ್ಣದ ಗುರುತು ಹಾಕಿಸಿ. ಇಲ್ಲದಿದ್ದರೆ ಕಿವಿಗಳ ನೇರ ತಪ್ಪಿ ಕೋನ ಸರಿಯಿದ್ದರೂ ಗಾಡಿ ನಡುಗುತ್ತದೆ.

ನಮ್ಮ ಗಾಡಿಯಲ್ಲಿ ಆ ಪಟ್ಟಿ ತೆಗೆಸಿ, ಮೂರೂ ಕಡೆ ಮೂಲ ಅಳತೆಯ ರಬ್ಬರು ಹಾಕಿಸಿದೆವು. ಆಮೇಲೆ ಎರಡು ಸುಗ್ಗಿ ಕಳೆದಿವೆ. ಆಗ ಹಾಕಿದ ಕ್ರಾಸೇ ಇನ್ನೂ ಓಡುತ್ತಿದೆ.

ಕೇಳುವ ಹಕ್ಕು ನಮ್ಮದು

ಮಿಸ್ತ್ರಿಗಳನ್ನು ಬೈದು ಫಲವಿಲ್ಲ. "ಬೇಗ ಆಗಬೇಕು, ಕಡಿಮೆಗೆ ಆಗಬೇಕು" ಅಂತ ನಿಂತುಕೊಳ್ಳುವವರು ನಾವೇ ತಾನೇ? ಹಳೇದರ ದಪ್ಪ ಎಷ್ಟಿತ್ತು, ಹೊಸದರದು ಎಷ್ಟು ಎಂದು ಕೇಳೋಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಆಮೇಲೆ ಹಾಕಿಸೋಣ. ರಬ್ಬರಿನ ಲೆಕ್ಕ ನೂರುಗಳಲ್ಲಿ ಮುಗಿಯುತ್ತದೆ, ಗೇರುಬಾಕ್ಸಿನದು ಸಾವಿರಗಳಲ್ಲಿ. ಈರುಳ್ಳಿ ಹೇರಿಕೊಂಡು ಹೋಗುವಾಗ ದಾರಿಯಲ್ಲಿ ಗಾಡಿ ನಿಂತರೆ ಆ ದಿನದ ರೇಟು ನಮಗಾಗಿ ಕಾಯುವುದಿಲ್ಲ. ಓಡುತ್ತಿರುವಾಗ ಮುಂದಿನ ಕ್ರಾಸು ಮುರಿದು ಶಾಫ್ಟು ರಸ್ತೆಗೆ ಚುಚ್ಚಿಕೊಂಡರಂತೂ ಗಾಡಿಯೇ ಮಗುಚಬಹುದು. ಹೊರೆಯ ಮೇಲೆ ಕೂತವರು ನಮ್ಮ ಮನೆಯವರೇ.

ಯಾವ ಯಂತ್ರದಲ್ಲಾದರೂ ಸವೆಯಲಿಕ್ಕೆಂದೇ ಇಟ್ಟ ಒಂದು ಅಗ್ಗದ ಭಾಗ ಇರುತ್ತದೆ. ಅದು ಸವೆದರೆ ಬೇಸರ ಬೇಡ. ಹೊತ್ತಿಗೆ ಸರಿಯಾಗಿ, ಅದೇ ಅಳತೆಯದನ್ನು ಹಾಕಿಸಿ.