ಬಾಡಿಗೆಯ ಮನೆ ಮತ್ತು ವಿದ್ಯುತ್ತಿನ ಮಿತವ್ಯಯ

ಮನೆಯನ್ನು ಕಟ್ಟಿಸುವವನು ಒಬ್ಬ. ಅದರಲ್ಲಿ ವಾಸಿಸುವವನು ಮತ್ತೊಬ್ಬ. ಬಾಡಿಗೆಯ ಮನೆಗಳ ಅನೇಕ ಕೊರತೆಗಳಿಗೆ ಮೂಲ ಇಲ್ಲಿಯೇ ಇದೆ.

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳಲ್ಲಿ ಹೆಂಚಿನ ಮನೆಗಳ ಸ್ಥಾನವನ್ನು ಇಂದು ಬಹುಮಟ್ಟಿಗೆ ತಾರಸಿಯ ಮನೆಗಳು ಪಡೆದಿವೆ. ಬೇಸಗೆಯಲ್ಲಿ ತಾರಸಿಯು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಕೆಳಗಿನ ಕೋಣೆಗೆ ಇಳಿಸುತ್ತದೆ. ಎದುರುಬದುರಾಗಿ ಕಿಟಕಿಗಳಿಲ್ಲದಿದ್ದರೆ ಬೆಳಗಿನವರೆಗೂ ಫ್ಯಾನು ತಿರುಗಲೇಬೇಕು.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ತಾರಸಿಗೆ ಬಿಳಿಯ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗ ಪ್ರತಿಫಲಿಸಿ ಹಿಂದಿರುಗುತ್ತದೆ. 75 ವಾಟ್‌ನ ಹಳೆಯ ಫ್ಯಾನು ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. 30 ವಾಟ್‌ನ ಹೊಸ ಬಗೆಯ ಫ್ಯಾನಿಗೆ 0.3 ಯೂನಿಟ್ ಸಾಕು. ಆದರೆ ಇದನ್ನು ಮಾಡುವವರಾರು? ಬಿಲ್ಲು ತನ್ನದಲ್ಲವೆಂದು ಮಾಲೀಕನು ಸುಮ್ಮನಿರುತ್ತಾನೆ. ಮನೆ ತನ್ನದಲ್ಲವೆಂದು ಬಾಡಿಗೆದಾರನು ಸುಮ್ಮನಿರುತ್ತಾನೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರ ಹೊರೆಯನ್ನು ಇಳಿಸಿತು, ನಿಜ. ಆದರೆ ಹಾಗೆ ಪೋಲಾದ ವಿದ್ಯುತ್ತಿನ ಬೆಲೆಯನ್ನು ಸಾರ್ವಜನಿಕ ಬೊಕ್ಕಸವೇ ತೆರಬೇಕಾಯಿತು.

ಇಬ್ಬರ ಔದಾಸೀನ್ಯವನ್ನು ನೀಗಲು ನಿಯಮವೊಂದು ಅವಶ್ಯಕ. ಕೇಂದ್ರ ಸರ್ಕಾರವು 2018ರಲ್ಲಿ ಪ್ರಕಟಿಸಿದ ‘ಇಕೋ ನಿವಾಸ್ ಸಂಹಿತೆ’ಯು ದೊಡ್ಡ ನಿವೇಶನಗಳ ಹೊಸ ವಸತಿ ಕಟ್ಟಡಗಳನ್ನು ಕುರಿತದ್ದು, ಓಣಿಯ ಹಳೆಯ ಬಾಡಿಗೆಯ ಮನೆಯನ್ನು ಅದು ಮುಟ್ಟುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಾದರೋ, 2018ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕನಿಷ್ಠ ದರ್ಜೆಯನ್ನು ಮುಟ್ಟದ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಅಲ್ಲಿನ ಚಿಂತೆ ಚಳಿ. ಇಲ್ಲಿನ ಚಿಂತೆ ಸೆಕೆ. ನ್ಯಾಯ ಮಾತ್ರ ಒಂದೇ.

ಇಂಥ ನಿಯಮದಿಂದ ಬಾಡಿಗೆ ಏರುವುದೆಂಬ ಆಕ್ಷೇಪವುಂಟು. ನಿವೃತ್ತನಾದ ಕಾರ್ಮಿಕನೊಬ್ಬನು ಒಂದೇ ಮನೆಯ ಬಾಡಿಗೆಯಿಂದ ಜೀವನ ಸಾಗಿಸುತ್ತಿರಬಹುದು. ಅವನ ಮೇಲೆ ಒಮ್ಮೆಲೇ ಹೊರೆ ಹೇರುವುದು ತರವಲ್ಲ. ಆದುದರಿಂದ ಮೊದಲು ಸುಣ್ಣದ ತಾರಸಿ, ಎಲ್‌ಇಡಿ ದೀಪಗಳಂಥ ಅಲ್ಪವೆಚ್ಚದ ಸುಧಾರಣೆಗಳನ್ನಷ್ಟೇ ಕಡ್ಡಾಯಗೊಳಿಸಿ, ಉಳಿದವುಗಳಿಗೆ ಕಾಲಾವಕಾಶವನ್ನೂ ಕಡಿಮೆ ಬಡ್ಡಿಯ ಸಾಲವನ್ನೂ ಒದಗಿಸುವುದು ಉಚಿತ. ಆದರೆ ಬಾಡಿಗೆ ಪಡೆಯುವವನು ವಾಸಯೋಗ್ಯವಾದ ಮನೆಯನ್ನು ಕೊಡಬೇಕೆಂಬ ತತ್ತ್ವದಲ್ಲಿ ಸಡಿಲಿಕೆ ಸಲ್ಲದು.

ಈ ಮಾತು ಶಿವಮೊಗ್ಗ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದಿಸಲು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದಕ್ಕಾಗಿ ಈ ಜಿಲ್ಲೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ತೊರೆದವು. ಕೆಲವರ ಮನೆಗಳು ಮುಳುಗಿ ನಾಡಿಗೆ ದೊರೆತ ವಿದ್ಯುತ್ತು ಮತ್ತೆ ಕೆಲವರ ಮನೆಗಳಲ್ಲಿ ವ್ಯರ್ಥವಾಗಿ ಸೋರಿಹೋಗುವುದು ನ್ಯಾಯವಲ್ಲ.