ಮನೆ ಯಾರ ಪಾಲಿಗೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳಿ ಸಮಾಧಾನಪಡುವಂತಿಲ್ಲ. ಉಂಡು ಮಲಗಿದರೂ ತೀರದ ಜಗಳಗಳಿವೆ. 1955ರ ಹಿಂದೂ ವಿವಾಹ ಕಾಯಿದೆ ಅಂಥವರಿಗೆ ಬೇರೆಯಾಗುವ ದಾರಿ ತೆರೆಯಿತು. 1976ರ ತಿದ್ದುಪಡಿ ಇಬ್ಬರೂ ಒಪ್ಪಿ ಬಿಡುಗಡೆ ಪಡೆಯುವ ಅವಕಾಶ ಕೊಟ್ಟಿತು. ಆದರೆ ಇಬ್ಬರೂ ಕೂಡಿ ಕಟ್ಟಿದ ಮನೆ ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಕಾನೂನು ನೇರವಾದ ಉತ್ತರ ಕೊಟ್ಟಿಲ್ಲ.

ಗಿರಣಿಯ ಕೂಲಿಯಲ್ಲಿ, ಅಂಗಡಿಯ ಗಲ್ಲಾದಲ್ಲಿ ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಮನೆಯನ್ನೇ ನೋಡೋಣ. ನಿವೇಶನದ ಪತ್ರ ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿರುತ್ತದೆ. ಬಳೆ ಗಿರವಿಯಿಟ್ಟು ತಳಪಾಯಕ್ಕೆ ಹಣ ತಂದವಳು, ಗಂಡ ಊಟಕ್ಕೆ ಹೋದಾಗ ತಕ್ಕಡಿ ಹಿಡಿದವಳು ಹೆಂಡತಿ. ನೋಂದಣಿ ಕಚೇರಿಯ ಪುಸ್ತಕದಲ್ಲಿ ಈ ದುಡಿಮೆಗೆ ಕಾಲಂ ಇಲ್ಲ. ವಿವಾಹ ಕಾಯಿದೆಯ 27ನೆಯ ಕಲಮು ಹೇಳುವುದು ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿದಂತೆ ಬಂದ ಉಡುಗೊರೆಗಳ ಮಾತನ್ನು. ಹತ್ತು ವರ್ಷದ ಬೆವರಿನಿಂದ ಎದ್ದ ಗೋಡೆಗಳ ಮಾತನ್ನಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಎಲ್ಲ ಮತದ ಹೆಂಗಸರಿಗೂ ಸಂಸಾರದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಕಾನೂನಿನ ಕ್ರಮ ಬಿಟ್ಟು ಅವಳನ್ನು ಹೊರಹಾಕುವಂತಿಲ್ಲ. ಹಿಂಸೆ ನಡೆದಿದೆಯೆಂದು ಕಂಡರೆ ಮ್ಯಾಜಿಸ್ಟ್ರೇಟರು ಆ ಮನೆಯ ಮಾರಾಟವನ್ನೂ ತಡೆಯಬಹುದು. ಮನೆ ಅತ್ತೆ ಮಾವನದೆಂಬ ಕಾರಣವೊಂದರಿಂದಲೇ ಈ ಹಕ್ಕು ಹೋಗದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಇದು ವಾಸದ ಹಕ್ಕು, ಒಡೆತನವಲ್ಲ.

ಬಾಡಿಗೆ ಮನೆಯವರಿಗೂ ಒಂದು ಎಚ್ಚರಿಕೆಯಿದೆ. ಗಂಡ ಬಿಟ್ಟುಹೋದ ಹೆಂಡತಿ ತೆರವಿನ ದಾವೆಯನ್ನು ತಾನೇ ಎದುರಿಸಬಹುದೆಂದು 2005ರಲ್ಲಿ, ಕರ್ನಾಟಕದಿಂದ ಹೋದ ಒಂದು ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟು ತೀರ್ಪಿತ್ತಿತು. ವಿಚ್ಛೇದನವಾದ ಮೇಲೆ ಮಾತ್ರ ಎಲ್ಲವೂ ಡಿಕ್ರಿಯಲ್ಲಿ ಬರೆದಂತೆ ಎಂದೂ ಅದೇ ತೀರ್ಪು ಹೇಳುತ್ತದೆ.

ಆದ್ದರಿಂದ ಬೇರೆಯಾಗಲು ನಿಂತವರಿಗೆ ನಮ್ಮ ಮಾತು ಇಷ್ಟೆ. ಮನೆಯ ಇತ್ಯರ್ಥವನ್ನು ಮುಂದಕ್ಕೆ ತಳ್ಳಬೇಡಿ. ಮಾರಿ ಹಂಚಿಕೊಳ್ಳಬಹುದು, ಒಬ್ಬರು ಇಟ್ಟುಕೊಂಡು ಇನ್ನೊಬ್ಬರ ಪಾಲಿನ ಹಣ ಕೊಡಬಹುದು, ಮಕ್ಕಳ ಓದು ಮುಗಿಯುವವರೆಗೆ ಅವರನ್ನು ಸಾಕುವವರಿಗೆ ಬಿಡಬಹುದು. ಯಾವುದನ್ನೇ ಒಪ್ಪಿದರೂ ಹಿರಿಯರ ಬಾಯಿಮಾತಿಗೆ ಬಿಡದೆ ನ್ಯಾಯಾಲಯದ ಅರ್ಜಿಯಲ್ಲಿ ಬರೆಯಿಸಿ, ಡಿಕ್ರಿಯಲ್ಲಿ ಸೇರಿಸಿ. ಜೀವನಾಂಶಕ್ಕೆ ಎದುರು ಪಕ್ಷದ ಸ್ಥಿರಾಸ್ತಿಯನ್ನು ಆಧಾರವಾಗಿ ಕೇಳಲು 25ನೆಯ ಕಲಮಿನಲ್ಲಿ ಅವಕಾಶವಿದೆ. ವ್ಯಾಪಾರಿ ಮಿತ್ರರು ಇನ್ನೊಂದನ್ನು ನೆನಪಿಡಬೇಕು: ಅಂಗಡಿಯ ಸಾಲಕ್ಕೆ ಮನೆ ಅಡವಿದ್ದರೆ ವಿಚ್ಛೇದನ ಬ್ಯಾಂಕನ್ನು ಕಟ್ಟುವುದಿಲ್ಲ. ಸಹಿ ಹಾಕಿದ ಇಬ್ಬರ ಬಾಗಿಲಿಗೂ ಅದು ಬರುತ್ತದೆ. ಮೊದಲು ಸಾಲದ ಲೆಕ್ಕ, ಆಮೇಲೆ ಪಾಲು.

ಸಮಪಾಲು ಕೊಟ್ಟರೆ ಸಂಸಾರಗಳು ಮುರಿಯುತ್ತವೆಂದು ಹೆದರಿಸುವವರಿದ್ದಾರೆ. ನೆರೆಯ ಗೋವೆಯಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪ್ರಕಾರ, ಮದುವೆಗೆ ಮುಂಚೆ ಬೇರೆ ಒಪ್ಪಂದವಿಲ್ಲದಿದ್ದರೆ ಆಸ್ತಿ ದಂಪತಿಗಳಿಬ್ಬರದು. ಬೇರೆಯಾದರೆ ಅರ್ಧ ಅರ್ಧ. ಅಲ್ಲಿ ಯಾರೂ ಸಂಸಾರ ಮಾಡುವುದನ್ನು ಬಿಟ್ಟಿಲ್ಲ! ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯನ್ನು 2013ರಲ್ಲಿ ರಾಜ್ಯಸಭೆ ಅಂಗೀಕರಿಸಿತ್ತು. ಲೋಕಸಭೆಯ ಅವಧಿ 2014ರಲ್ಲಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು.

ಪತ್ರದಲ್ಲಿ ಯಾರ ಹೆಸರಿದೆ ಎಂದಷ್ಟೇ ಕೇಳುವ ಕಾನೂನು, ಗೋಡೆಯಲ್ಲಿ ಯಾರ ಬೆವರಿದೆ ಎಂದೂ ಕೇಳಬೇಕು. ಮದುವೆಯ ನಂತರ ಗಳಿಸಿದ ಮನೆ ಇಬ್ಬರದೆಂದು ಶಾಸನವಾಗಬೇಕು. ಸಾಲದ ಕಂತನ್ನು ಒಬ್ಬಂಟಿಯಾಗಿ ತೀರಿಸಿದ ಗಂಡಸಿನ ಲೆಕ್ಕವೂ ಅದರಲ್ಲಿ ಸೇರಲಿ. ಅದಕ್ಕೆ ಸರ್ಕಾರದ ದಾರಿ ಕಾಯಬೇಕು. ಮನೆಯ ಪತ್ರಕ್ಕೆ ಹೆಂಡತಿಯ ಹೆಸರನ್ನೂ ಸೇರಿಸಲು ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.