ಮಾರಿಷಸ್ ಪ್ರವಾಸವೂ ಶ್ರಾವಕಾಚಾರವೂ

ವಿದೇಶ ಪ್ರವಾಸವೆಂಬುದು ಜೈನ ಸಮಾಜದ ಅನುಕೂಲಸ್ಥ ಕುಟುಂಬಗಳಿಗೆ ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ, ಮಕ್ಕಳ ಪರೀಕ್ಷೆ ಮುಗಿದ ರಜೆಗೆ, ಕೆಲವೊಮ್ಮೆ ವ್ಯಾಪಾರ ಚೆನ್ನಾಗಿ ನಡೆಯಿತೆಂಬ ಸಂತೋಷಕ್ಕೆ ಮಾರಿಷಸ್ಸಿನಂತಹ ದ್ವೀಪಗಳಿಗೆ ಹೋಗಿಬರುವವರಿದ್ದಾರೆ. ಅಂತಹವರಿಗಾಗಿ ‘ಶುದ್ಧ ಜೈನ ಆಹಾರ, ಅಡುಗೆಯವರು ಜೊತೆಯಲ್ಲೇ’ ಎಂಬ ಪ್ರಕಟಣೆಯೊಡನೆ ತಂಡ ಪ್ರವಾಸಗಳು ಏರ್ಪಡುತ್ತವೆ. ನಲವತ್ತು ಜನ, ಒಂದು ಬಸ್ಸು, ಇಬ್ಬರು ಅಡುಗೆಯವರು, ಊರಿನಿಂದಲೇ ಕಟ್ಟಿಕೊಂಡು ಹೋದ ಅವಲಕ್ಕಿ, ಚಟ್ನಿಪುಡಿ, ಹಪ್ಪಳ. ಏಳು ದಿನ ಪರದೇಶದಲ್ಲಿದ್ದೂ ಅಲ್ಲಿಯ ಒಂದು ತುತ್ತನ್ನು ಮುಟ್ಟದೆ ಮರಳಿದೆವೆಂಬುದು ಹೆಮ್ಮೆಯ ಮಾತಾಗುತ್ತದೆ. ಬಸದಿಯ ಜಗಲಿಯಲ್ಲಿ ಅದಕ್ಕೆ ತಲೆದೂಗುವವರೂ ಇದ್ದಾರೆ.

ಈ ಹೆಮ್ಮೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅಗತ್ಯ. ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಖಾತೆಗೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲವೆಂಬುದು ವ್ಯಾಪಾರಿ ಮನೆತನಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ. ತಂಡ ಪ್ರವಾಸದ ಖಾತೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳ ತ್ಯಾಗ ಜಮೆಯಾಗಿದೆ. ಸರಿ. ಖರ್ಚಿನ ಬದಿಯಲ್ಲಿ ಏನಿದೆ? ದ್ವೀಪದ ಪಶ್ಚಿಮ ತೀರದ ತಮಾರಿನ್ ಕೊಲ್ಲಿಯಲ್ಲಿ ಮುಂಜಾನೆ ಯಂತ್ರದೋಣಿಗಳನ್ನೇರಿ ಡಾಲ್ಫಿನ್‌ಗಳ ಬೆನ್ನು ಹತ್ತುವ ಕಾರ್ಯಕ್ರಮವಿದೆ. ಅಲ್ಲಿಗೆ ಬರುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳ ಸಮುದ್ರದಲ್ಲಿ ಆಹಾರ ಹುಡುಕಿ, ಹಗಲು ವಿಶ್ರಾಂತಿಗೆಂದು ತೀರದ ಶಾಂತ ನೀರನ್ನು ಸೇರುವ ಪ್ರಾಣಿಗಳು. ದಣಿದು ನಿದ್ರೆಗೆ ಬಂದ ಜೀವಿಗಳ ಸುತ್ತ ಹತ್ತು ದೋಣಿ ಸುತ್ತಿಸಿ, ಚಿತ್ರ ತೆಗೆದುಕೊಂಡು, ಅನಂತರ ದೋಣಿಯಲ್ಲೇ ‘ಶುದ್ಧ ಜೈನ’ ಉಪ್ಪಿಟ್ಟು ತಿನ್ನುವುದನ್ನು ಯಾವ ಅಣುವ್ರತದ ಕೆಳಗೆ ಬರೆಯಬೇಕು? ತಲೆಗೆ ಗಾಜಿನ ಮುಖವಿರುವ ಶಿರಸ್ತ್ರಾಣ ಧರಿಸಿ ಸಮುದ್ರತಳದಲ್ಲಿ ನಡೆಯುವ ವಿನೋದವೂ ಇದೆ. ನಡೆಯುವ ಜಾಗದ ಆಸುಪಾಸಿನಲ್ಲಿ ಹವಳ ಬೆಳೆಯುತ್ತದೆ. ಹವಳವನ್ನು ಪ್ರಾಚೀನ ಶಾಸ್ತ್ರಕಾರರು ಪೃಥ್ವೀಕಾಯದಲ್ಲಿ ಎಣಿಸಿದರು. ಇಂದಿನ ಜೀವಶಾಸ್ತ್ರವು ಅದನ್ನು ಸಣ್ಣ ಪ್ರಾಣಿಗಳ ವಸಾಹತು ಎನ್ನುತ್ತದೆ. ಎರಡು ಲೆಕ್ಕದಲ್ಲಿಯೂ ಅದು ಜೀವವೇ.

ರಾತ್ರಿಭೋಜನದ ವಿಷಯ ಇನ್ನೂ ಕೆಟ್ಟಿದೆ. ಅಲ್ಲಿಯ ಹೋಟೆಲುಗಳು ಸಾಮಾನ್ಯವಾಗಿ ಬೆಳಗಿನ ಉಪಾಹಾರವನ್ನೂ ರಾತ್ರಿಯ ಊಟವನ್ನೂ ಸೇರಿಸಿ ‘ಹಾಫ್ ಬೋರ್ಡ್’ ಎಂಬ ಒಂದೇ ದರ ಹೇಳುತ್ತವೆ. ಊಟ ಬಡಿಸಲು ಆರಂಭವಾಗುವುದೇ ಏಳು, ಏಳೂವರೆಗೆ. ಮಾರಿಷಸ್ಸಿನಲ್ಲಿ ಜೂನ್–ಜುಲೈ ತಿಂಗಳುಗಳಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂ ಮುಕ್ಕಾಲರ ಸುಮಾರಿಗೆ. ಹಗಲು ದೀರ್ಘವಾಗಿರುವ ಜನವರಿಯಲ್ಲೂ ಏಳು ಗಂಟೆಯ ಒಳಗೆ. ಬಸ್ಸಿನ ಜನರೆಲ್ಲ ಕೂಡಿ ಹೋಟೆಲಿಗೆ ಮರಳಿ, ಅಡುಗೆಯವರು ಒಲೆ ಹಚ್ಚುವ ಹೊತ್ತಿಗೆ ಕತ್ತಲಾಗಿರುತ್ತದೆ. ಹಣ ಕಟ್ಟಿಯಾಗಿದೆ, ಬಿಡುವುದೇಕೆ ಎಂಬ ಮಾತು ಆಗ ಹುಟ್ಟುತ್ತದೆ. ಕೈಬಿಟ್ಟ ಹಣದ ಹಿಂದೆ ಇನ್ನೊಂದು ನಷ್ಟವನ್ನು ಕಳುಹಿಸುವ ಈ ತರ್ಕವನ್ನು ಅಂಗಡಿಯ ಗುಮಾಸ್ತನೊಬ್ಬ ಹೇಳಿದರೆ ಯಜಮಾನರು ಸಹಿಸುವುದಿಲ್ಲ. ಕಂದಮೂಲವಿಲ್ಲದ ಪಲ್ಯವನ್ನು ರಾತ್ರಿ ಎಂಟೂವರೆಗೆ ಉಂಡು, ವ್ರತ ಪಾಲಿಸಿದೆವೆಂದು ನಂಬುವುದು ಅವರಿಗೇ ಸಾಧ್ಯವಾಗುತ್ತದೆ!

ಆದ್ದರಿಂದ ಇಲ್ಲಿ ಪ್ರತಿಪಾದಿಸಬೇಕಾದ ಮಾತು ಕೆಲವರಿಗೆ ಕಹಿಯೆನಿಸಬಹುದು. ಅಡುಗೆಯವರನ್ನು ಕರೆದೊಯ್ಯುವ ಬಸ್ಸಿಗಿಂತ, ಸಣ್ಣ ಕಾರೊಂದನ್ನು ಬಾಡಿಗೆಗೆ ಪಡೆದು ಹಗಲಿನಲ್ಲಿ ದ್ವೀಪ ಸುತ್ತಿ, ವಿಚಾರಿಸಿ, ಅಲ್ಲಿಯ ಅನ್ನವನ್ನು ಉಣ್ಣುವ ಕುಟುಂಬವೇ ಶ್ರಾವಕಾಚಾರಕ್ಕೆ ಹೆಚ್ಚು ಹತ್ತಿರದಲ್ಲಿದೆ. ವೃದ್ಧರ, ರೋಗಿಗಳ, ಕಟ್ಟುನಿಟ್ಟಿನ ಪ್ರತಿಮಾಧಾರಿಗಳ ಮಾತು ಬೇರೆ. ಅವರಿಗೆ ಪ್ರತ್ಯೇಕ ಅಡುಗೆ ಬೇಕು. ಉಳಿದವರಿಗೆ ಅದು ಬರಿಯ ಸೋಮಾರಿತನ.

ಮಾರಿಷಸ್ ದೊಡ್ಡ ನಾಡಲ್ಲ. ಮುಖ್ಯ ದ್ವೀಪದ ಉದ್ದ ಸುಮಾರು 65 ಕಿಲೋಮೀಟರ್, ಅಗಲ ಸುಮಾರು 45. ಬೆಂಗಳೂರು ನಗರ ಜಿಲ್ಲೆಗಿಂತಲೂ ಅದು ಚಿಕ್ಕದು. 1810ರಿಂದ 1968ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದುದರಿಂದ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಂಚರಿಸುತ್ತವೆ. ವಿಮಾನ ನಿಲ್ದಾಣದಲ್ಲಿಯೇ ಬಾಡಿಗೆಯ ಕಾರು ದೊರೆಯುತ್ತದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ನಡುನಡುವೆ ಹಳ್ಳಿ, ಹಳ್ಳಿಗೊಂದು ದೇವಾಲಯ, ದೇವಾಲಯದ ಎದುರು ತಿಂಡಿಯ ಗಾಡಿ. ದಕ್ಷಿಣದ ಸುಯಾಕ್ ಬಳಿಯ ಗ್ರಿ ಗ್ರಿ ಎಂಬಲ್ಲಿ ಹವಳದ ದಿಬ್ಬದ ತಡೆಯಿಲ್ಲದೆ ಅಲೆಗಳು ನೇರವಾಗಿ ಬಂಡೆಗೆ ಅಪ್ಪಳಿಸುವುದನ್ನು ನೋಡಲು ಟಿಕೆಟ್ಟೂ ಬೇಡ, ದೋಣಿಯೂ ಬೇಡ.

ಆ ಗಾಡಿಗಳಲ್ಲಿ ಮಾರುವ ‘ಧೋಲ್ ಪುರಿ’ಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಬೇಯಿಸಿ ಪುಡಿಮಾಡಿದ ಬೇಳೆಗೆ ಅರಿಸಿನ, ಜೀರಿಗೆ ಸೇರಿಸಿ, ಮೈದಾ ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸಿದ ರೊಟ್ಟಿಯದು. ಬೆಲ್ಲ ಹಾಕದ ಬೇಳೆ ಹೋಳಿಗೆಯೆಂದರೆ ಕನ್ನಡಿಗರಿಗೆ ತಕ್ಷಣ ಅರ್ಥವಾಗುತ್ತದೆ. ಜೋಡಿಯ ಲೆಕ್ಕದಲ್ಲಿ ಮಾರುತ್ತಾರೆ. ಒಳಗೆ ದೊಡ್ಡ ಅವರೆಯಂತಹ ಕಾಳಿನ ಸಾರು, ‘ರುಗಾಯ್’ ಎಂಬ ಟೊಮೆಟೊ ಗೊಜ್ಜು, ಕೊತ್ತಂಬರಿ ಚಟ್ನಿ ಸವರಿ, ಸುತ್ತಿ, ಕಾಗದದಲ್ಲಿ ಕೊಡುತ್ತಾರೆ. ಇದು ಬಿಹಾರದಿಂದ ಹೋದ ಕೂಲಿಕಾರರ ಅಡುಗೆ. ಗುಲಾಮಗಿರಿ ಕೊನೆಗೊಂಡಾಗ ಕಬ್ಬಿನ ತೋಟಗಳಿಗೆಂದು 1834ರಿಂದ ಕರಾರಿನ ಮೇಲೆ ಭಾರತದಿಂದ ಸಾಗಿಸಲ್ಪಟ್ಟವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಅವರು ಹಡಗಿನಿಂದ ಇಳಿದು ಹತ್ತಿದ ಮೆಟ್ಟಿಲುಗಳು ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ನಲ್ಲಿ ಇಂದಿಗೂ ಇವೆ. 2006ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಹಬ್ಬಕ್ಕೆ ಮಾತ್ರ ಮಾಡುತ್ತಿದ್ದ ಆ ರೊಟ್ಟಿ ಇಂದು ಇಡೀ ದ್ವೀಪದ ಎಲ್ಲ ಮತದವರ ಮಧ್ಯಾಹ್ನದ ಊಟ. ತಮಿಳರ ಕಾವಡಿ ಹಬ್ಬದಲ್ಲಿ ಬಾಳೆಯೆಲೆಯ ಮೇಲೆ ಬಡಿಸುವ ಏಳು ಬಗೆಯ ಪಲ್ಯ–ಸಾರುಗಳಲ್ಲೂ ಮಾಂಸದ ಸೋಂಕಿಲ್ಲ. ಇಂತಹ ನಾಡಿನಲ್ಲಿ ತಿನ್ನಲು ಏನೂ ಸಿಗದೆಂಬ ಭಯ ಯಾರು ಹುಟ್ಟಿಸಿದರೋ ತಿಳಿಯದು.

ಹಾಗೆಂದು ಕಣ್ಣುಮುಚ್ಚಿ ತಿನ್ನಬೇಕೆಂದಲ್ಲ. ಕಾಳಿನ ಸಾರಿನಲ್ಲೂ ರುಗಾಯ್‌ನಲ್ಲೂ ಈರುಳ್ಳಿ, ಬೆಳ್ಳುಳ್ಳಿ ಸಾಮಾನ್ಯ. ಒಣಮೀನು ಹಾಕಿದ ರುಗಾಯ್ ಬೇರೆ ಇದೆ. ಹೆಸರು ಕೇಳಿ ಒಪ್ಪಿಕೊಳ್ಳುವಂತಿಲ್ಲ. ‘ಗಾತೊ ಪಿಮಾಂ’ ಎಂಬ ಕಡಲೆಬೇಳೆ ವಡೆಯಂತಹ ತಿನಿಸನ್ನು ಯಾವ ಎಣ್ಣೆಯಲ್ಲಿ ಕರಿಯುತ್ತಾರೆ, ಆ ಬಾಣಲೆಯಲ್ಲೇ ಮಾಂಸದ ಸಮೋಸಾವೂ ಬೇಯುವುದೇ ಎಂಬುದನ್ನು ಐದು ನಿಮಿಷ ನಿಂತು ನೋಡಬೇಕು. ಹಾಲು, ಕಾಮಕಸ್ತೂರಿ ಬೀಜ, ಕಡಲಪಾಚಿಯ ಅಗರ್ ಸೇರಿದ ‘ಆಲೂದಾ’ ಎಂಬ ಪಾನೀಯವನ್ನು ಅಗರ್ ವರ್ಜ್ಯವೆನ್ನುವವರು ಬಿಡಬೇಕು. ದ್ವಿದಳದ ನಿಯಮವುಳ್ಳವರು ಬೇಳೆಯ ರೊಟ್ಟಿಯ ಜೊತೆಗಂತೂ ಕುಡಿಯುವಂತಿಲ್ಲ. ಬರಿಯ ರೊಟ್ಟಿ, ಕೊತ್ತಂಬರಿ ಚಟ್ನಿ, ಹುಣಿಸೆ–ಮೆಣಸು ಹಚ್ಚಿದ ಅನಾನಸು, ಎಳನೀರು ಇಷ್ಟಾದರೂ ಯಾವ ಹಳ್ಳಿಯಲ್ಲೂ ಸಿಗುತ್ತದೆ. ಚಟ್ನಿಗೂ ಬೆಳ್ಳುಳ್ಳಿ ಬಿದ್ದಿದೆಯೇ ಎಂದು ಕೇಳಿಯೇ ಹಾಕಿಸಿಕೊಳ್ಳಬೇಕು. ಇಂಗ್ಲಿಷ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಭೋಜಪುರಿ ಬಲ್ಲ ಹಿರಿಯರಿಗೆ ಪ್ಯಾಜ್, ಲಹಸುನ್ ಎಂದರೂ ಸಾಕು. ಹೀಗೆ ಪ್ರತಿ ತುತ್ತಿಗೂ ಮೊದಲು ಕೇಳುವುದು, ನೋಡುವುದು, ಬೇಡವಾದುದನ್ನು ವಿನಯದಿಂದ ನಿರಾಕರಿಸುವುದು, ಇದೇ ಭೋಗೋಪಭೋಗಪರಿಮಾಣದ ಅಭ್ಯಾಸ. ಅಡುಗೆಯವನು ಬಡಿಸಿದ ತಟ್ಟೆಯ ಮುಂದೆ ಕುಳಿತವನಿಗೆ ಕೇಳುವ ಪ್ರಸಂಗವೇ ಬರುವುದಿಲ್ಲ.

ಸಸ್ಯಾಹಾರವೆಂಬ ಒಂದೇ ಪದಕ್ಕೆ ಶರಣಾಗುವವರಿಗೆ ಅದೇ ದ್ವೀಪದ ದುಬಾರಿ ಭೋಜನಶಾಲೆಗಳಲ್ಲಿ ಒಂದು ಪರೀಕ್ಷೆ ಕಾದಿದೆ. ‘ಮಿಲಿಯನೇರ್ ಸಲಾಡ್’ ಎಂದು ಹೆಸರಾದ ತಾಳೆಯ ತಿರುಳಿನ ಕೋಸಂಬರಿ ಅದು. ಮಾಂಸವಿಲ್ಲ, ಮೀನು ಬೇಡವೆಂದರೆ ಹಾಕುವುದಿಲ್ಲ, ಕಂದಮೂಲವೂ ಇಲ್ಲ. ಆದರೆ ಆ ಬಿಳಿಯ ತಿರುಳು ತಾಳೆಯ ಮರದ ಬೆಳೆಯುವ ತುದಿ. ಅದನ್ನು ತೆಗೆದರೆ ಮರ ಸಾಯುತ್ತದೆ. ಸುಮಾರು ಏಳು ವರ್ಷ ಬೆಳೆದ ಮರವನ್ನು ಕಡಿದು ಕೆಲವರ ತಟ್ಟೆಗೆ ಬಡಿಸುವುದರಿಂದಲೇ ಆ ಹೆಸರು, ಆ ಬೆಲೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಟ್‌ಲೇಶ್ಯೆಗಳ ಮರವನ್ನು ನೋಡದ ಕುಟುಂಬ ವಿರಳ. ಹಣ್ಣಿಗಾಗಿ ಮರವನ್ನೇ ಉರುಳಿಸಹೊರಟವನು ಕೃಷ್ಣಲೇಶ್ಯೆಯವನು. ಬಿದ್ದ ಹಣ್ಣನ್ನು ಆಯ್ದುಕೊಂಡವನು ಶುಕ್ಲಲೇಶ್ಯೆಯವನು. ಯಾವ ಪ್ರವಾಸ ಪ್ರಕಟಣೆಯ ಜೈನ ಆಹಾರದ ಪಟ್ಟಿಯೂ ಈ ಚಿತ್ರವನ್ನು ಎದುರಿಗಿಟ್ಟುಕೊಂಡು ತಯಾರಾದಂತೆ ಕಾಣುವುದಿಲ್ಲ. ಅದೇ ದ್ವೀಪದ ಕ್ಯುರ್‌ಪೀಪ್ ಊರಿನ ಸಸ್ಯೋದ್ಯಾನದಲ್ಲಿ ತನ್ನ ಜಾತಿಯಲ್ಲಿ ಒಂದೇ ಒಂದಾಗಿ ಉಳಿದ ತಾಳೆಯ ಮರವೊಂದಿದೆ. ಕಾರಿನಲ್ಲಿ ಹೋದವರು ಅಲ್ಲಿ ನಿಂತು ನೋಡಬಹುದು. ಬಸ್ಸಿನ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗ ದೊರೆಯುವುದು ಕಷ್ಟ; ಅಲ್ಲಿ ಕೊಳ್ಳುವುದಕ್ಕೆ ಏನೂ ಇಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ, ಗುರಿಯಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆದಾಡಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಬಾಡಿಗೆ ಕಾರಿನ ತಿರುಗಾಟ ಅದೇ ಅಲ್ಲವೇ? ಹತ್ತು ಕಾರುಗಳು ಒಂದು ಬಸ್ಸಿಗಿಂತ ಹೆಚ್ಚು ಇಂಧನ ಸುಡುವುದಿಲ್ಲವೇ? ಸುಡುತ್ತವೆ. ಆಕ್ಷೇಪ ಸುಳ್ಳಲ್ಲ. ಆದರೆ ವಿಮಾನವೇರಿ ಸಮುದ್ರ ದಾಟಿದವರು, ಇಳಿದ ಮೇಲೆ ಅದನ್ನು ನೆನಪಿಸಿಕೊಳ್ಳುವುದು ವಿಚಿತ್ರ. ದಿಗ್ವ್ರತದ ಪ್ರಶ್ನೆ ಟಿಕೆಟ್ಟು ಕೊಳ್ಳುವ ಮುನ್ನ ಏಳಬೇಕಾದುದು. ಹೋದ ಮೇಲೆ ಉಳಿಯುವುದು ದೇಶವ್ರತ: ಇಂದು ಶಾಮರೆಲ್‌ವರೆಗೆ ಮಾತ್ರ, ನಾಳೆ ಪಾಂಪ್ಲಮೂಸ್ ಉದ್ಯಾನಕ್ಕೆ ಮಾತ್ರ, ಒಂದು ದಿನ ಎಲ್ಲಿಗೂ ಇಲ್ಲ ಎಂದು ಬೆಳಿಗ್ಗೆಯೇ ಮೇರೆ ಹಾಕಿಕೊಳ್ಳುವುದು. ಚಕ್ರ ತನ್ನ ಕೈಯಲ್ಲಿರುವವನಿಗೆ ಅದು ಸಾಧ್ಯ. ಮಳೆ ಬಿದ್ದ ಸಂಜೆ ಅಲ್ಲಿಯ ರಸ್ತೆಗಳ ಮೇಲೆ ನೆಲಗಪ್ಪೆಗಳೂ ಬಸವನಹುಳುಗಳೂ ಬರುತ್ತವೆ. ಈರ್ಯಾಸಮಿತಿ ಮುನಿಗಳದ್ದು, ನಿಜ; ಆದರೆ ವೇಗ ತಗ್ಗಿಸುವುದಕ್ಕೂ ಕತ್ತಲಾಗುವ ಮುನ್ನ ಕಾರು ನಿಲ್ಲಿಸುವುದಕ್ಕೂ ಗೃಹಸ್ಥನಿಗೆ ಅಡ್ಡಿಯೇನು? ನಲವತ್ತು ಜನರ ಬಸ್ಸಿನ ಹಿಂದಿನ ಆಸನದಲ್ಲಿ ಅಂತ್ಯಾಕ್ಷರಿ ಹಾಡುತ್ತಿರುವವರಿಗೆ ಚಕ್ರದ ಕೆಳಗೆ ಏನು ಸಿಕ್ಕಿತೆಂಬುದೇ ತಿಳಿಯದು.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಮಕ್ಕಳಿಗೆ. ಧರ್ಮವೆಂದರೆ ಅಡುಗೆಯವನು ತರುವ ಡಬ್ಬಿ ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಕಲಿತ ಹುಡುಗ, ಇಪ್ಪತ್ತೆರಡರಲ್ಲಿ ಓದಿಗೆಂದು ಪರದೇಶಕ್ಕೆ ಹೋಗುತ್ತಾನೆ. ಅಲ್ಲಿ ಡಬ್ಬಿ ಇಲ್ಲ. ಇದರಲ್ಲಿ ಏನಿದೆ ಎಂದು ಅಪರಿಚಿತರನ್ನು ಕೇಳುವುದಕ್ಕೆ ಅವನಿಗೆ ನಾಚಿಕೆ. ಕೇಳುವುದನ್ನು ಯಾರೂ ಅಭ್ಯಾಸ ಮಾಡಿಸಿಲ್ಲ. ಮೊದಲು ಬೆಳ್ಳುಳ್ಳಿ, ಆಮೇಲೆ ಮೊಟ್ಟೆ, ಆಮೇಲಿನದನ್ನು ತಂದೆತಾಯಿಯರು ದೂರವಾಣಿಯಲ್ಲಿ ಕೇಳುವುದನ್ನೇ ಬಿಡುತ್ತಾರೆ. ಹಳ್ಳಿಯ ಗಾಡಿಯ ಮುಂದೆ ತಂದೆ ನಿಂತು ಐದು ಪ್ರಶ್ನೆ ಕೇಳಿ, ಮೂರನ್ನು ಬಿಟ್ಟು ಎರಡನ್ನು ಕೊಂಡುದನ್ನು ನೋಡಿದ ಮಗುವಿನ ಬುತ್ತಿ ಬೇರೆ ಬಗೆಯದು.

ಪ್ರವಾಸ ಏರ್ಪಡಿಸುವ ಟ್ರಸ್ಟ್‌ಗಳು ಮುಂದಿನ ಪ್ರಕಟಣೆಯನ್ನು ಅಚ್ಚಿಗೆ ಕೊಡುವ ಮುನ್ನ ಡಾಲ್ಫಿನ್ ದೋಣಿಯ ಸಾಲನ್ನು ಹೊಡೆದುಹಾಕಲಿ. ತಾಳೆಯ ತಿರುಳು ಬಡಿಸುವ ಭೋಜನಶಾಲೆಗೆ ಮೊದಲೇ ಬೇಡವೆಂದು ಬರೆಯಲಿ. ನಾಲ್ವರಿಗೊಂದು ಕಾರಿನ ಏರ್ಪಾಡು ಮಾಡಿ, ಪ್ರತಿದಿನದ ದೂರಕ್ಕೆ ಮಿತಿ ಹಾಕಲಿ. ಹೋಟೆಲಿನ ಕರಾರಿನಿಂದ ರಾತ್ರಿಯ ಊಟವನ್ನು ತೆಗೆಸಲಿ. ಬೆಳಗಿನ ಉಪಾಹಾರವೊಂದಕ್ಕೇ ಪ್ರತ್ಯೇಕ ದರ ಹೇಳುವ ಹೋಟೆಲುಗಳು ಅಲ್ಲಿ ಬೇಕಾದಷ್ಟಿವೆ, ಕೇಳುವವರು ಬೇಕು.